ದೊಡ್ಡಮ್ಮನ ನವಿಲು ಮಂಚ

ಬೀಟೆ ಮರವನ್ನು ಉಪ್ಪುಕಾಗದದಿಂದ ಉಜ್ಜಿದರೆ ಹಳೆಯ ಪಾಲಿಶಿನ ಕೆಳಗಿಂದ ಒಂದು ಸಿಹಿ ಘಾಟು ಏಳುತ್ತದೆ. ಬಸವೇಶ್ವರನಗರದ ನಮ್ಮ ತಾರಸಿಯಲ್ಲಿ ಮಂಚದ ಕಾಲೊಂದನ್ನು ಉಜ್ಜುತ್ತಿದ್ದಾಗ ಆ ವಾಸನೆ ಬಂದದ್ದೇ ತಡ, ರಾಜಾಜಿನಗರದ ಹಳೆಯ ಮನೆ ಕಣ್ಣ ಮುಂದೆ ಬಂದು ನಿಂತಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು ಅಲ್ಲಿ ದೊಡ್ಡಪ್ಪನ ಆಶ್ರಯದಲ್ಲಿದ್ದೆವು. ಹಿಂದಿನ ಸಣ್ಣ ಕೋಣೆ ನಮ್ಮದು. ದೊಡ್ಡಮ್ಮನ ಕೋಣೆಯಲ್ಲಿ ಜೋಡಿ ನವಿಲು ಕೆತ್ತಿದ ತಲೆಹಲಗೆಯ ಎತ್ತರದ ಮಂಚವಿತ್ತು. ಅವರು ಹೊರಗೆ ಹೋದಾಗ ನಾನು ಅದರ ಅಂಚಿನಿಂದ ಅಮ್ಮನ ಹಳೆಯ ಸೀರೆ ಇಳಿಬಿಟ್ಟು, ಕೆಳಗೆ ಮನೆ ಮಾಡಿಕೊಂಡು, ತಂಪು ನೆಲದ ಮೇಲೆ ಸುಳ್ಳು ಅಡುಗೆ ಬೇಯಿಸುತ್ತಿದ್ದೆ. ಒಂದು ಮಧ್ಯಾಹ್ನ ದೊಡ್ಡಮ್ಮ ಬೇಗ ಬಂದುಬಿಟ್ಟರು. ಸೀರೆ ಕಿತ್ತೆಸೆದು, ರಟ್ಟೆ ಹಿಡಿದು ನನ್ನನ್ನು ಹೊರಗೆಳೆದು, ಬಾಗಿಲಲ್ಲಿದ್ದ ಅಮ್ಮನಿಗೆ ಕೇಳಲೆಂದೇ, "ಪುಕ್ಕಟೆ ಬಿದ್ದಿರೋರಿಗೆ ಆಟದ ಮನೆ ಬೇರೆ ಕೇಡು!" ಅಂದರು. ಅಮ್ಮ ಸೀರೆ ಎತ್ತಿಕೊಂಡು ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಸ್ವಲ್ಪ ದಿನಕ್ಕೆ ನಾವು ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂದೆವು. ಅಲ್ಲಿ ರವಿಕೆ ಹೊಲಿದೇ ಅಮ್ಮ ನನ್ನನ್ನು ಓದಿಸಿದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ಈ ವರ್ಷ ರಾಜಾಜಿನಗರದ ಮನೆಯನ್ನು ಕೆಡವಿದರು. ದೊಡ್ಡಪ್ಪ ತೀರಿಕೊಂಡು ವರ್ಷಗಳಾಗಿದ್ದವು; ದೊಡ್ಡಮ್ಮ ಮಗನೊಂದಿಗೆ ಊರಂಚಿನ ಉಲ್ಲಾಳದ ಫ್ಲಾಟಿಗೆ ಹೋದರು. ಮಂಚ ಅಲ್ಲಿ ಹಿಡಿಸಲಿಲ್ಲ. "ನಿಂಗೆ ಬೇಕೇನೇ? ಇಲ್ದಿದ್ರೆ ಗುಜರಿಗೆ ಹಾಕ್ತೀನಿ" ಎಂದು ಅವರ ಮಗ ಫೋನ್ ಮಾಡಿದ. ಬೇಕು ಅಂದೆ. ಮಂಚ ಕೊಯ್ಯಲು ಗರಗಸ ನಾನೇ ಹಿಡಿದೆ. ಸುಳ್ಳೇಕೆ, ಹಲ್ಲು ಮರಕ್ಕಿಳಿದಾಗಲೆಲ್ಲ ಜೀವಕ್ಕೆ ಹಿತವಾಗುತ್ತಿತ್ತು. ತಾರಸಿಯ ಮೇಲೆ ಮಗಳಿಗಾಗಿ ಕಟ್ಟಿದ ಹಲಗೆಯ ಮನೆಗೆ ಮಂಚದ ಕಾಲುಗಳು ಬಾಗಿಲ ಕಂಬಗಳಾದವು, ಕಡೆದ ಸರಳುಗಳು ಕಿಟಕಿಗೆ ಹೋದವು, ನವಿಲುಗಳು ಬಾಗಿಲ ನೆತ್ತಿಯ ಮೇಲೆ ಕೂತವು. ಅವುಗಳ ಗರಿಗೆ ಮಗಳೂ ಅವಳ ಗೆಳತಿಯರೂ ಗುಲಾಬಿ ಬಣ್ಣ ಬಳಿದರು. ಬಳಿಯಲಿ ಎಂದು ಡಬ್ಬಿ ಕೈಗೆ ಕೊಟ್ಟವಳೂ ನಾನೇ.

ಮಗಳ ಹುಟ್ಟುಹಬ್ಬಕ್ಕೆ ದೊಡ್ಡಮ್ಮನನ್ನು ಒತ್ತಾಯ ಮಾಡಿ ಕರೆಸಿದೆ. ಮೊಣಕಾಲು ಹಿಡಿದುಕೊಂಡು ತಾರಸಿಗೆ ಹತ್ತಿ ಬಂದವರು ನವಿಲುಗಳನ್ನು ಕಂಡು ನಿಂತುಬಿಟ್ಟರು. "ಅಯ್ಯೋ, ನಮ್ಮಪ್ಪ ಮದುವೇಲಿ ಕೊಟ್ಟಿದ್ದು ಕಣೇ..."

ಇಷ್ಟು ವರ್ಷ ನಾಲಿಗೆಯ ಕೆಳಗಿಟ್ಟುಕೊಂಡಿದ್ದನ್ನು ನಗುನಗುತ್ತಲೇ ಅಂದೆ: "ಬನ್ನಿ ದೊಡ್ಡಮ್ಮ, ಒಳಗೆ ಕೂತ್ಕೊಳ್ಳಿ. ಪುಕ್ಕಟೆ. ಇಲ್ಲಿ ಯಾರೂ ಯಾರನ್ನೂ ಎಳೆದು ಹಾಕಲ್ಲ."

ಅವರ ಮುಖದ ಬಣ್ಣ ಇಳಿಯಿತು. ನೆನಪಿತ್ತು ಅವರಿಗೆ! ಮರೆತಿದ್ದಾರೆಂದೇ ನಾನು ಹೆದರಿದ್ದೆ. ನವಿಲಿನ ಕತ್ತು ಸವರುತ್ತಾ ಮೆಲ್ಲಗೆ, "ನಿಮ್ಮಮ್ಮ ಮದುವೆಯಾಗಿ ಬಂದ ಹೊಸದ್ರಲ್ಲಿ ಇದೇ ಮಂಚದ ಮೇಲೆ ಕೂತು ಇಬ್ರೂ ಹೂ ಕಟ್ತಿದ್ವಿ. ಒಂದಿನ ಅವಳು ಏನ್ಮಾಡಿದ್ಲು ಗೊತ್ತಾ..." ಎಂದು ಶುರು ಮಾಡಿದರು.

"ಕಾಫಿ ತರ್ತೀನಿ" ಎಂದು ನಡುವೆಯೇ ಅಡುಗೆಮನೆಗೆ ಹೋದೆ. ಕಾಫಿ ತರುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಆಟೋ ಹತ್ತಿದ್ದರು. ಕಳಿಸಿಕೊಡಲು ನಾನು ಕೆಳಗಿಳಿಯಲಿಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಪಶ್ಚಾತ್ತಾಪ ಇವತ್ತಿಗೂ ಇಲ್ಲ. ಆದರೆ ನಾನು ಹುಟ್ಟುವ ಮೊದಲಿನ ಅಮ್ಮನನ್ನು, ನಗುವ, ಹೂ ಕಟ್ಟುವ ಆ ಹುಡುಗಿಯನ್ನು, ಕಂಡವರು ಈಗ ದೊಡ್ಡಮ್ಮನ ಹೊರತು ಬೇರೆ ಯಾರೂ ಉಳಿದಿಲ್ಲ. ಅವಳು ಅವತ್ತು ಏನು ಮಾಡಿದ್ದಳೋ. ಉಲ್ಲಾಳ ದೂರವೇನಲ್ಲ, ಹೋಗಿ ಕೇಳಬಹುದು. ಕೇಳುವುದಿಲ್ಲ.