ಯಜಮಾನರ ಮೇಲೆ ಬಿದ್ದ ಮಾತು

ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಮೈ ಕಡ್ಡಿಯಾದರೂ ಕೈ ಗಟ್ಟಿ. ಗಾಜಿನ ಮೇಲೆ ಒಂದು ಗೆರೆ ಎಳೆದು, ಮೇಜಿನ ಅಂಚಿಗಿಟ್ಟು ಒತ್ತಿದಳೆಂದರೆ ಲಟಕ್ಕನೆ ನೇರವಾಗಿ ಮುರಿಯುತ್ತಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಯಿಲೆ ಬಂದದ್ದು ಒಂದನೇ ತರಗತಿಯಲ್ಲಿದ್ದಾಗ. ಅಂದಿನಿಂದ ಮಕ್ಕಳ ಆಸ್ಪತ್ರೆಯೇ ಎರಡನೇ ಮನೆ. ಗೋಡೆ ತುಂಬ ಆನೆ, ಜಿರಾಫೆ, "ಏನೇ ಕಳ್ಳಿ, ಚಾಕೊಲೇಟ್ ತಿಂದ್ಯಾ?" ಎಂದು ಕಿವಿ ಹಿಂಡುವ ಡಾಕ್ಟರಮ್ಮ. ಪ್ರಶ್ನೆ ಅವಳಿಗೆ, ಉತ್ತರ ಅಮ್ಮನದು. ಇನ್ಸುಲಿನ್ ಎಷ್ಟು, ಊಟ ಎಷ್ಟು, ಎಲ್ಲ ಅಮ್ಮನ ನಾಲಿಗೆಯ ತುದಿಯಲ್ಲಿ. ಹದಿನೆಂಟು ತುಂಬಿದಾಗ ಡಾಕ್ಟರಮ್ಮ, "ಇನ್ಮೇಲೆ ದೊಡ್ಡವರ ವಿಭಾಗಕ್ಕೆ ಹೋಗ್ಬೇಕು ಪುಟ್ಟಾ. ಒಬ್ಳೇ ಹೋಗಿ ಕಲಿ" ಎಂದು ಕಳಿಸಿಕೊಟ್ಟರು.

ಅಲ್ಲಿ ಬೆಂಚಿನ ತುಂಬ ಅಜ್ಜ ಅಜ್ಜಿಯರು. ಪಕ್ಕದವರ ಪಾದಕ್ಕೆ ಬ್ಯಾಂಡೇಜು, ಹೆಬ್ಬೆರಳಿನ ಜಾಗ ಖಾಲಿ. ಒಳಗೆ ಡಾಕ್ಟರು ತಲೆ ಎತ್ತದೆ, "ಎಷ್ಟು ಯೂನಿಟ್ ತಗೋತೀರಾ?" ಎಂದರು. ಕೇಳಿದ್ದು ತನ್ನನ್ನೇ ಎಂದು ತಿಳಿಯುವುದೇ ತಡವಾಯಿತು. ತೊದಲಿದಳು.

"ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವಾ?"

ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆಗೆಂದು ಹೊರಟು ಬಸ್ ನಿಲ್ದಾಣದಲ್ಲಿ ಹೊತ್ತು ಕಳೆದು ಬಂದು, "ಎಲ್ಲಾ ಸರಿಯಾಗಿದೆಯಂತೆ ಅಮ್ಮಾ" ಎನ್ನುವಳು. ರಕ್ತದ ಸಕ್ಕರೆ ನೋಡಿಕೊಳ್ಳುವುದನ್ನು ಬಿಟ್ಟಳು. ಇನ್ಸುಲಿನ್ ಮಾತ್ರ ಅಂದಾಜಿನ ಮೇಲೆ ಚುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಶಾಲೆಯೊಂದರ ಗುಂಪು ಫೋಟೋಗಳು ಸಂಜೆಯೊಳಗೆ ಸಿದ್ಧವಾಗಬೇಕಿತ್ತು. "ಊಟ ಮಾಡಮ್ಮ, ಕೆಲಸ ಎಲ್ಲಿಗೂ ಓಡಿಹೋಗಲ್ಲ" ಎಂದು ಅಂಗಡಿಯ ಯಜಮಾನರು ಹೇಳುತ್ತಲೇ ಇದ್ದರು. ಇದೊಂದು ಮುಗಿಸ್ತೀನಿ, ಇದೊಂದು ಎನ್ನುತ್ತಲೇ, ಬೆಳಿಗ್ಗೆ ಅಂದಾಜಿಗೆ ಚುಚ್ಚಿಕೊಂಡ ಇನ್ಸುಲಿನ್ನಿಗೆ ಸಕ್ಕರೆ ತೀರಾ ಇಳಿದು, ಅವಳ ಮೈ ಬೆವರಿತು, ಕೈ ನಡುಗಿತು. ಗಾಜು ಬಿತ್ತು, ಅದರ ಮೇಲೆ ಅವಳೂ ಬಿದ್ದಳು.

ಯಜಮಾನರು ಗಿರಾಕಿಯೊಬ್ಬರ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅಮ್ಮ ಓಡಿ ಬಂದವಳೇ ಅವರ ಮೇಲೆ ಎಗರಿದಳು: "ಹೊಟ್ಟೆಗೂ ಬಿಡದೆ ದುಡಿಸ್ಕೊಂಡ್ರಲ್ರೀ! ನಿಮಗೂ ಮಕ್ಕಳಿಲ್ವಾ?"

ಅಂಗಿಗೆಲ್ಲ ಅವಳ ರಕ್ತ ಹತ್ತಿಸಿಕೊಂಡು ನಿಂತಿದ್ದ ಅವರು, "ತಪ್ಪಾಯ್ತಮ್ಮಾ. ಗದರಿಯಾದ್ರೂ ಊಟಕ್ಕೆ ಎಬ್ಬಿಸ್ಬೇಕಿತ್ತು" ಎಂದರು.

ಹಾಸಿಗೆಯಲ್ಲಿದ್ದ ಅವಳಿಗೆ ಎಚ್ಚರವಾಗಿತ್ತು. ಪ್ರತಿ ಮಾತೂ ಕೇಳಿಸಿತು. ಕಣ್ಣು ತೆರೆಯಲಿಲ್ಲ.

ಅಮ್ಮ ಅಂಗಡಿಯ ಬೀದಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ಬಂದಳು. ಕೊನೆಗೆ ಅಮ್ಮ ಗಂಜಿಯನ್ನು ಊದಿ ಊದಿ ಬಾಯಿಗಿಡುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಯಜಮಾನ್ರದ್ದೇನೂ ತಪ್ಪಿಲ್ಲಮ್ಮಾ. ಊಟ ಮಾಡು ಅಂತ ಅವರು ಹೇಳ್ತಾನೇ ಇದ್ರು. ನಾನು ಆಸ್ಪತ್ರೆಗೇ ಹೋಗ್ತಿರ್ಲಿಲ್ಲ, ಇನ್ಸುಲಿನ್ ಅಂದಾಜಿಗೆ ಚುಚ್ಕೋತಿದ್ದೆ."

ಅಮ್ಮ ಚಮಚ ಕೆಳಗಿಟ್ಟಳು. ಬೈಯುತ್ತಾಳೆಂದು ಇವಳು ಕಾದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮನುಷ್ಯನ್ನ ಏನೆಲ್ಲಾ ಅಂದ್ಬಿಟ್ಟೆನಲ್ಲೇ" ಎಂದಳು, ಅಷ್ಟೇ.

ಮನೆಗೆ ಬಂದ ಮೇಲೆ ಇಬ್ಬರೂ ಅಂಗಡಿಗೆ ಹೋದರು. ಯಜಮಾನರು ಎಲ್ಲ ಕೇಳುತ್ತಾ ಕೈಯಲ್ಲಿದ್ದ ಚೌಕಟ್ಟಿಗೆ ಮೊಳೆ ಹೊಡೆದು ಮುಗಿಸಿದರು. ಆಮೇಲೆ, "ಬೈದದ್ದು ಹೋಗ್ಲಿ ಬಿಡಮ್ಮ. ನನ್ನ ಕೈಯಾರೆ ಮಗು ಹೋಗ್ಬಿಡ್ತಿತ್ತಲ್ಲಾ ಅಂತ ನಾನು ರಾತ್ರಿ ಕಣ್ಣೇ ಮುಚ್ಚಿಲ್ಲ" ಎಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವಳು ದೊಡ್ಡವರ ವಿಭಾಗಕ್ಕೆ ಹೋದಳು. "ಏನೂ ಗೊತ್ತಿಲ್ಲ ಸರ್, ಚಿಕ್ಕಂದಿನಲ್ಲಿ ಎಲ್ಲಾ ಅಮ್ಮನೇ ನೋಡ್ಕೋತಿದ್ರು. ಹೇಳಿಕೊಡಿ" ಎಂದಳು. ಡಾಕ್ಟರು ಈ ಸಲ ತಲೆ ಎತ್ತಿದರು. ನರ್ಸಮ್ಮನೊಬ್ಬರು ಕೂರಿಸಿಕೊಂಡು ಊಟಕ್ಕೆ ತಕ್ಕ ಅಳತೆ ಕಲಿಸಿದರು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರಿನ ಬಣ್ಣದಂಗಡಿಯವನು ಇಂದಿಗೂ, "ಹುಡುಗಿಗೆ ಊಟ ಹಾಕಿದ್ಯೇನಯ್ಯಾ?" ಎಂದು ಯಜಮಾನರನ್ನು ಕೆಣಕುತ್ತಾನೆ. ಅವಳು ಹೊರಗೆ ಬಂದು, "ತಪ್ಪು ನಂದು, ಅವರದ್ದಲ್ಲ" ಎನ್ನುತ್ತಾಳೆ.

"ಉಪ್ಪು ತಿಂದ ಮನೆ, ಇನ್ನೇನು ಹೇಳ್ತೀಯಾ!" ಎಂದು ಅವನು ನಗುತ್ತಾನೆ. ಯಜಮಾನರೂ ನಕ್ಕು ಒಳಗೆ ಹೋಗುತ್ತಾರೆ. ಅವಳಿಗೆ ಮಾತ್ರ ನಗು ಬರುವುದಿಲ್ಲ.