ಹನ್ನೆರಡನೇ ಅಂಕಿಯ ಅನುಮಾನ

ನಲವತ್ತೇಳನ್ನು ಎಪ್ಪತ್ನಾಲ್ಕು ಅಂತ ಬರೆದರೆ ಏನಾಗುತ್ತೆ? ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಕಳೆದ ಶನಿವಾರ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿಗೆ ಫಾರಂ ತುಂಬಿ ಕೊಟ್ಟು ಹೊಸದುರ್ಗದ ಬಸ್ಸು ಹತ್ತಿದ್ದೆ. (ಕೊಡುವ ಮುಂಚೆ ಫಾರಂಗೊಂದು ಜೆರಾಕ್ಸ್. ಎಲ್ಲವನ್ನೂ ಎರಡೆರಡು ಸಲ ನೋಡದಿದ್ದರೆ ನನಗೆ ಸಮಾಧಾನವಿಲ್ಲ.) ಹೊಳಲ್ಕೆರೆ ದಾಟುವಾಗ ಸುಮ್ಮನಿರಲಾರದೆ ಜೆರಾಕ್ಸನ್ನೂ ಅಮ್ಮನ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಹಿಡಿದೆ. ಹನ್ನೆರಡು ಅಂಕಿಗಳಲ್ಲಿ ನಡುವಿನ ಎರಡು ಅದಲುಬದಲು!

ಅಂದರೆ ನಾನು ಬರೆದ ನಂಬರಿನವರು ದೇಶದಲ್ಲಿ ಎಲ್ಲೋ ಇದ್ದಾರೆ. ಮೂರು ತಿಂಗಳು ಕಾದು ಸಿಕ್ಕ ಅಮ್ಮನ ಸರದಿ ಅವರ ಪಾಲಾಯ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತುವವರಿಲ್ಲ. ಮರುದಿನ ಭಾನುವಾರ.

ಮನೆಗೆ ಬಂದು ಹೇಳಿದೆ. "ಬ್ಯಾರೇರಿಗೆ ಕಣ್ಣು ಬಂದ್ರೆ ಬರ್ಲಿ ಬಿಡಪ್ಪ, ಪುಣ್ಯ ಬರ್ತೈತೆ" ಅಂದಳು ಅಮ್ಮ, ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿಯ ಕಡೆ ತಿರುಗಿ.

ಹೆಂಡತಿ ಸುಮ್ಮನಿರುತ್ತಾಳೆಯೇ? "ನಿಮ್ ಚಿಂತೆಗೂ ಒಂದು ಜೆರಾಕ್ಸ್ ಮಾಡಿಸಿಟ್ಕಳ್ರಿ. ಒಂದು ಕಳೆದ್ರೆ ಇನ್ನೊಂದು ಇರ್ತೈತೆ."

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ರಿಟೈರ್ಡ್ ಗಣಿತದ ಮೇಷ್ಟ್ರ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಸ್ಕೂಲಿನಲ್ಲಿ ಕಲಿತದ್ದು ನೆನಪಾಯ್ತು: ಅಂಕಿಗಳನ್ನೆಲ್ಲ ಕೂಡಿ, ಒಂಬತ್ತರಿಂದ ಭಾಗಿಸಿ, ತಾಳೆ ನೋಡುವುದು. ಕಂಪ್ಯೂಟರೂ ತಪ್ಪನ್ನು ಹಾಗೇ ಹಿಡಿಯಬಹುದಲ್ಲ ಅಂತ ಕೇಳಿದೆ.

"ಏನಪ್ಪ ನೀನು! ನಾಲ್ಕೂ ಏಳೂ ಕೂಡಿದ್ರೂ ಹನ್ನೊಂದು, ಏಳೂ ನಾಲ್ಕೂ ಕೂಡಿದ್ರೂ ಹನ್ನೊಂದು. ಆ ಲೆಕ್ಕಕ್ಕೆ ಈ ತಪ್ಪು ಸಿಗಲ್ಲ."

ಇದ್ದ ಒಂದು ಆಸೆಯೂ ಹೋಯ್ತು.

ಮೇಷ್ಟ್ರು ಟೀ ಆರಿಸಿಕೊಂಡು ಮುಂದುವರಿಸಿದರು. "ಅದಕ್ಕೇ ಆಧಾರ್‌ಗೆ ಬೇರೆ ಲೆಕ್ಕ ಐತೆ. ಹನ್ನೆರಡನೇ ಅಂಕಿ ಸುಮ್ನೆ ಕೊಟ್ಟಿದ್ದಲ್ಲ, ಹಿಂದಿನ ಹನ್ನೊಂದರಿಂದ ಲೆಕ್ಕ ಹಾಕಿ ತೆಗೆದಿದ್ದು. ಅಂಕಿ ಯಾವ್ದು ಅಂತಷ್ಟೇ ಅಲ್ಲ, ಯಾವ ಜಾಗದಾಗೆ ಕುಂತೈತೆ ಅಂತಾನೂ ನೋಡ್ತೈತೆ. ಒಂದು ತಪ್ಪಿದ್ರೂ, ಅಕ್ಕಪಕ್ಕದವು ಜಾಗ ಬದಲಾಯಿಸಿದ್ರೂ, ಕೊನೇದು ತಾಳೆ ಆಗಲ್ಲ."

"ಹಂಗಾದ್ರೆ ನಾನು ಬರೆದ ನಂಬರಿನವರು?"

"ಹುಟ್ಟಿಲ್ಲ ಕಣಯ್ಯ. ಹುಟ್ಟೋದೂ ಇಲ್ಲ! ಮನಸ್ಸಿಗೆ ಬಂದಂಗೆ ಹನ್ನೆರಡು ಅಂಕಿ ಬರಿ, ಹತ್ತರಲ್ಲಿ ಒಂಬತ್ತು ಸಲ ಅದು ಯಾರಿಗೂ ಸಿಗೋ ನಂಬರೇ ಅಲ್ಲ."

ಅರ್ಧ ನಂಬಿದೆ. ಉಳಿದರ್ಧ ಸೋಮವಾರದವರೆಗೆ ಕಾಯಿತು. ಹತ್ತೂವರೆಗೆ ಆಸ್ಪತ್ರೆಯ ಹುಡುಗಿಯ ಫೋನ್. "ರೀ, ನಿಮ್ಮ ತಾಯಿ ನಂಬರ್ ಕಂಪ್ಯೂಟರ್ ತಗಳ್ತಾನೇ ಇಲ್ಲ. ತಪ್ಪಾಗೈತೆ, ನೋಡಿ ಹೇಳ್ರಿ."

"ಥ್ಯಾಂಕ್ಸಮ್ಮ! ಬಹಳ ಥ್ಯಾಂಕ್ಸ್!"

"ತಪ್ಪಾಗೈತೆ ಅಂದ್ರೆ ಖುಷಿ ಪಡ್ತೀರಲ್ರೀ?"

ಸರಿಯಾದ ನಂಬರನ್ನು ಒಂದೊಂದೇ ಅಂಕಿಯಾಗಿ ಎರಡು ಸಲ ಓದಿದೆ. ಅಮ್ಮನ ಸರದಿ ಎಲ್ಲಿಗೂ ಹೋಗಿರಲಿಲ್ಲ. ಗುರುವಾರ ಆಪರೇಷನ್. ಸೋಮವಾರ ಮಧ್ಯಾಹ್ನ ಮೂರು ಮುದ್ದೆ ಉಂಡೆ.

ಈಗ ನೀವೇ ಹೇಳಿ. ಜೊತೆಯಲ್ಲಿರುವ ಹನ್ನೊಂದನ್ನೂ ನಂಬದೆ, ಎಲ್ಲಿ ತಪ್ಪಾಯ್ತೋ ಎಂದು ಹೊತ್ತುಹೊತ್ತಿಗೂ ತಾಳೆ ನೋಡುವುದೇ ಆ ಕೊನೇ ಅಂಕಿಯ ಕೆಲಸ. ಅದು ಮಾಡಿದರೆ ಗಣಿತ, ನಾನು ಮಾಡಿದರೆ ಕಾಯಿಲೆಯೇ?