ವಾಡಿ ಸ್ಟೇಷನ್ನಿನ ಸಾಕ್ಷಿಗಳು

ಎಪ್ಪತ್ತೊಂದರ ಯುದ್ಧದಲ್ಲಿ ಅಣ್ಣ ಹಾರಿಸುತ್ತಿದ್ದ ವಿಮಾನ ಗಡಿಯಾಚೆ ಹೋಗಿ ಮರಳಲಿಲ್ಲ. ಪೈಲಟ್ ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಆಗ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ, ನಾನು ಚಿತ್ತಾಪುರದ ಶಾಲೆಯಲ್ಲಿ ಟೀಚರ್. ಸತ್ತ ಅಂದಿದ್ದರೆ ಅಳುತ್ತಿದ್ದೆವು, ಸೆರೆ ಸಿಕ್ಕ ಅಂದಿದ್ದರೆ ಕಾಯುತ್ತಿದ್ದೆವು. ಕಾಣೆ ಅಂದರೆ ಏನು ಮಾಡಬೇಕು? ದನ ಕಳೆದರೆ ಕೊಂಡವಾಡಕ್ಕಾದರೂ ಹೋಗಿ ನೋಡಬಹುದು. ಆಕಾಶದಲ್ಲಿ ಕಳೆದವನನ್ನು ಎಲ್ಲಿ ಅಂತ ಹುಡುಕುವುದು!

ಅಪ್ಪ ಪತ್ರದ ಮೇಲೆ ಪತ್ರ ಬರೆದ. ವಿಚಾರಣೆ ನಡೆದಿದೆ ಎಂಬ ಒಂದೇ ಉತ್ತರ ಪ್ರತಿಸಲ ಬರುತ್ತಿತ್ತು.

“ಕಾಗದಕ್ಕೇನು ಕಣ್ಣು ಅವ? ಕಂಡವರನ್ನ ಕೇಳಬೇಕು” ಎಂದು ಅವ್ವ ತಾನೇ ವಿಚಾರಣೆಗೆ ನಿಂತಳು. ಸಿಪಾಯಿಗಳಿದ್ದ ರೈಲುಗಾಡಿಗಳೆಲ್ಲ ಎಂಜಿನ್ನಿಗೆ ನೀರು ತುಂಬಿಸಿಕೊಳ್ಳಲು ವಾಡಿಯಲ್ಲಿ ನಿಲ್ಲುತ್ತಿದ್ದವು. ಖಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿದ ಗಂಟು, ಅಣ್ಣನ ಫೋಟೊ ಹಿಡಿದು ಅವ್ವ ಡಬ್ಬಿಯಿಂದ ಡಬ್ಬಿಗೆ ಹೋಗುತ್ತಿದ್ದಳು. ಶಹಾಬಾದದಲ್ಲಿ ಬೆಳೆದವಳಾದ್ದರಿಂದ ಸಿಪಾಯಿಗಳ ಹಿಂದಿಗೆ ಹತ್ತಿರದ ದಖ್ಖನಿ ಮಾತು ಚೆನ್ನಾಗಿ ಬರುತ್ತಿತ್ತು. ನನ್ನ ಮಗನನ್ನು ಎಲ್ಲಾದರೂ ಕಂಡಿರೇನಪ್ಪಾ ಎಂದು ಕೇಳುವಳು. ಅವರು ಇಲ್ಲವೆಂದು ತಲೆ ಅಲ್ಲಾಡಿಸುವರು.

ಕೆಲವು ತಿಂಗಳ ಮೇಲೆ ಒಬ್ಬ ಹೌದು ಅಂದ. ಗಡಿಯಾಚೆಯ ಆಸ್ಪತ್ರೆಯಲ್ಲಿ ನೋಡಿದ್ದನಂತೆ, ಕಾಲು ಮುರಿದಿತ್ತಂತೆ. ಅವತ್ತು ಮನೆಯಲ್ಲಿ ಹಬ್ಬದ ಹಾಗೆ ಗೋಧಿ ಹುಗ್ಗಿ.

“ಅವನ ಹೆಸರರೆ ಕೇಳಿದ್ಯೇನು?” ಎಂದ ಅಪ್ಪ.

“ನನ್ನ ಮಗನ ಸುದ್ದಿ ತಂದವನಿಗೆ ಪೊಲೀಸರಂಗ ಹೆಸರು, ಊರು ಕೇಳ್ಲೇನು? ಇನ್ನೊಂದು ರೊಟ್ಟಿ ತಿನ್ನಪಾ ಅಂದೆ.”

ಆಮೇಲೆ ಪ್ರತಿ ಗಾಡಿಯಲ್ಲೂ ಒಬ್ಬ ಕಂಡವನು ಸಿಗತೊಡಗಿದ. ಒಬ್ಬ ಗಡ್ಡ ಬಿಟ್ಟಿದ್ದಾನೆ ಅಂದ, ಇನ್ನೊಬ್ಬ ಸೊರಗಿದ್ದಾನೆ ಅಂದ, ಮತ್ತೊಬ್ಬ ವಾಲಿಬಾಲ್ ಆಡುತ್ತಾನೆ ಅಂದ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

“ಕಾಲು ಮುರಿದಾವ ವಾಲಿಬಾಲ್ ಆಡ್ತಾನೇನು?”

“ಆರಾಮಾಗಿರ್ತದ. ನಿನಗ ಅಣ್ಣ ಬರೋದು ಬ್ಯಾಡಾಗೇದೇನು?”

ಆ ಮಾತು ಎದೆಗೆ ನಾಟಿತು, ಆದರೂ ನುಂಗಿಕೊಂಡೆ. ಸೇಡಂನ ಹುಡುಗಿಯ ವಿಷಯಕ್ಕೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಅಣ್ಣನಿಗೆ ನಿಶ್ಚಯವಾಗಿದ್ದ ಹುಡುಗಿ ಅವಳು. ಬೇರೆ ಗಂಡು ನೋಡಲೇ ಎಂದು ಅವಳ ತಂದೆ ಸಂಕೋಚದಿಂದಲೇ ಕೇಳಲು ಬಂದರೆ, ಅವ್ವ “ಕಂಡವರು ಅದಾರ್ರಿ, ಇನ್ನೊಂದೀಟು ತಡೀರಿ” ಎಂದು ಚಹಾ ಕೊಟ್ಟು ಕಳಿಸಿದಳು. ಒಂದು ಹೆಣ್ಣಿನ ಬಾಳು ಈ ಸಿಪಾಯಿಗಳ ಬಾಯಿಮಾತಿಗೆ ಜೋತುಬಿದ್ದಿತ್ತು.

ಮುಂದಿನ ಭಾನುವಾರ ಅವ್ವನ ಜೊತೆ ನಾನೂ ಹೋದೆ. ನನ್ನ ಕೈಯಲ್ಲಿದ್ದದ್ದು ಸೋದರಮಾವನ ಹರೆಯದ ಫೋಟೊ. ಚಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆತ ಹೈದರಾಬಾದ್ ದಾಟಿ ಹೋದವನಲ್ಲ. ಅವ್ವ ಮುಂದಿನ ಡಬ್ಬಿಗೆ ಹೋದಾಗ ಖಿಡಕಿಯಲ್ಲಿದ್ದ ಒಬ್ಬ ಎಳೆಯ ಸಿಪಾಯಿಗೆ ಆ ಫೋಟೊ ತೋರಿಸಿದೆ. ಅಲ್ಲಿ ನಿಂತಿದ್ದಾಳಲ್ಲ, ಅವಳ ಮಗ ಎಂದೆ. ಅವನು ಫೋಟೊ ನೋಡಿದ, ಅವ್ವನನ್ನು ನೋಡಿದ.

“ನೋಡಿದ್ದೇನೆ ಅಕ್ಕಾ. ಆರಾಮಾಗಿದ್ದಾರೆ.”

“ಇವ ನಮ್ಮ ಮಾಮ! ಚಂದಾಪುರದಾಗ ಸೀರಿ ಮಾರ್ತಾನ!” ಬಾಯಿಗೆ ಬಂದ ಹರಕು ಮುರುಕು ಹಿಂದಿಯಲ್ಲಿ ಕೂಗಿಬಿಟ್ಟೆ. ನಾಚಿಕೆ ಆಗುವುದಿಲ್ಲವೇ ಎಂದೂ ಕೇಳಿದೆ.

ಹುಡುಗ ತಲೆ ತಗ್ಗಿಸಿದ. ಅವನ ಹಿಂದಿದ್ದ ನಡುವಯಸ್ಸಿನ ಸಿಪಾಯಿ ಮುಂದೆ ಬಂದ.

“ಅವನನ್ನು ಬೈಬೇಡ ತಂಗಿ. ವಾಡಿಯಲ್ಲಿ ಒಬ್ಬ ತಾಯಿ ಫೋಟೊ ತರುತ್ತಾಳೆ, ಕಂಡಿದ್ದೇವೆ ಅನ್ನಿ ಅಂತ ನಮ್ಮವರು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಇಲ್ಲ ಅಂದರೆ ಗಾಡಿ ಹೊರಟರೂ ಬಿಡದೆ ಪಕ್ಕದಲ್ಲೇ ಓಡುತ್ತಿದ್ದಳಂತೆ. ಬಿದ್ದುಬಿಟ್ಟರೆ?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ತಿರುಗಿದರೆ ಅವ್ವ ಬೆನ್ನ ಹಿಂದೆಯೇ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಳು. ಗಂಟಿನಲ್ಲಿ ಉಳಿದ ರೊಟ್ಟಿಯನ್ನು ಆ ಹುಡುಗನ ಕೈಗೆ ಕೊಟ್ಟು, ಗಾಡಿ ಹೋಗುವತನಕ ನಿಂತಳು.

“ಎಲ್ಲಾರೂ ಹಿಂಗೇ ಹೇಳ್ಯಾರೇನು?”

“ಹೂಂ, ಅವ್ವ. ಯಾರೂ ನೋಡಿಲ್ಲ.”

ಅವ್ವ ಅಲ್ಲೇ ಫರಸಿ ಕಲ್ಲಿನ ನೆಲದ ಮೇಲೆ ಕುಳಿತಳು.

“ಅವ ಬರ್ತಾನ ಅಂತ ಅವರಿಗೆ ಅನಿಸಿದ್ರ, ನೋಡಿಲ್ಲ ಅಂತ ಖರೇನೇ ಹೇಳ್ತಿದ್ರು. ಇಷ್ಟು ಮಂದಿ ಕೂಡಿ ಸುಳ್ಳು ಹೇಳ್ಯಾರಂದ್ರ ಅವರಿಗೆ ಗೊತ್ತದ. ನನ್ನ ಮಗ ಹೋಗ್ಯಾನ.”

ನಾನು ಹಿಡಿಯಲು ಬಂದದ್ದು ಸುಳ್ಳನ್ನು. ಅದರ ಹಿಂದೆ ಇದು ಇರುತ್ತದೆ ಎಂದು, ದೇವರಾಣೆ, ಹೊಳೆದಿರಲಿಲ್ಲ.

“ನಾಳೆ ಸೇಡಂಗ ಹೋಗು. ಇನ್ನ ಆ ಹುಡುಗೀನ ಕಾಯಿಸಬ್ಯಾಡ್ರಿ ಅಂತ ಹೇಳಿ ಬಾ” ಎಂದವಳೇ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಸೆರಗು ಬಿಟ್ಟು, ನಮ್ಮ ಕಡೆ ಹೆಂಗಸರು ಸತ್ತವರನ್ನು ಕರೆದು ಹಾಡಿ ಅಳುತ್ತಾರಲ್ಲ, ಹಾಗೆ ಅಣ್ಣನ ಹೆಸರು ಹಿಡಿದು ಅಳತೊಡಗಿದಳು. ಪ್ಲಾಟ್‌ಫಾರ್ಮಿನ ಮಂದಿ ನಿಂತು ನೋಡಿದರು. ಅಪ್ಪ ಟಿಕೆಟ್ ಖಿಡಕಿ ಮುಚ್ಚಿ ಹೊರಗೆ ಬಂದ. ಯಾರು ಹೇಳಿದರು ಎಂದು ಕೇಳಲಿಲ್ಲ. ಟೊಪ್ಪಿಗೆ ತೆಗೆದು ಅವ್ವನ ಪಕ್ಕದಲ್ಲಿ ಕುಳಿತ.